ಚಾರ್ಮಾಡಿ ಹತ್ತುತ್ತದೆಯೇ?

ಚಿಕ್ಕಮಗಳೂರಿನಲ್ಲಿ ಯಾರಾದರೂ ಬ್ಯಾಟರಿ ಕಾರು ತಂದು ನಿಲ್ಲಿಸಿದರೆ ಬೆಲೆ ಕೇಳುವವರು ಕಡಿಮೆ. ‘ಚಾರ್ಮಾಡಿ ಘಾಟಿ ಹತ್ತುತ್ತದೆಯೇ?’ ಎಂಬುದೇ ಮೊದಲ ಪ್ರಶ್ನೆ. ಜೀಪಿನ ಫಸ್ಟ್ ಗೇರಿನ ಗುಡುಗು ಕೇಳಿ ಬೆಳೆದವರಿಗೆ ಸದ್ದಿಲ್ಲದ ಗಾಡಿಯ ತಾಕತ್ತಿನ ಮೇಲೆ ನಂಬಿಕೆ ಬರುವುದು ಕಷ್ಟವೇ.

ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರನ್ನು ಕಡಲಮಟ್ಟದಿಂದ ಸಾವಿರ ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವುದು ಸುಮಾರು 4 ಯುನಿಟ್ ವಿದ್ಯುತ್. ಮೋಟಾರಿನ ನಷ್ಟ ಸೇರಿಸಿ 5 ಅನ್ನಿ. ಸಾಧಾರಣ ಕಾರಿನ ಬ್ಯಾಟರಿ 30–40 ಯುನಿಟ್ ಹಿಡಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಯುನಿಟ್ಟಿಗೆ ಏಳೆಂಟು ಕಿಲೋಮೀಟರ್ ಓಡುವ ಕಾರಿಗೆ ಘಾಟಿ ವಿಧಿಸುವ ದಂಡ ಸುಮಾರು 35 ಕಿಲೋಮೀಟರ್. ಇಳಿಯುವಾಗ ಮೋಟಾರೇ ಜನರೇಟರ್ ಆಗಿ, ಕಟ್ಟಿದ ದಂಡದಲ್ಲಿ ಒಳ್ಳೆಯ ಪಾಲನ್ನು ಹಿಂದಿರುಗಿಸುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದೇ ಶಕ್ತಿ ಬ್ರೇಕ್ ಲೈನರಿನ ಸುಟ್ಟ ವಾಸನೆಯಾಗಿ ಹೋಗುತ್ತದೆ. ಒಂದು ಕಿವಿಮಾತು: ಮೇಲಿನ ಹೋಮ್‌ಸ್ಟೇಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ, ಮರಳಿ ಬರುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ.

ನನ್ನ ಪ್ರಕಾರ ಕಡಿದಾದ ಏರು ಇರುವುದು ರಸ್ತೆ ಬದಿಯ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ ಹತ್ತಿರ. ಹಳ್ಳಿಗಳಲ್ಲಿ ಕಾಣುವ ಟ್ರಾನ್ಸ್‌ಫಾರ್ಮರುಗಳು ಹೆಚ್ಚಾಗಿ 25, 63 ಅಥವಾ 100 ಕೆ.ವಿ.ಎ. (ಹೆಚ್ಚುಕಡಿಮೆ ಅಷ್ಟೇ ಕಿಲೋವಾಟ್) ಸಾಮರ್ಥ್ಯದವು. 60 ಕಿಲೋವಾಟಿನ ಒಂದೇ ಒಂದು ಫಾಸ್ಟ್ ಚಾರ್ಜರ್ ಒಂದು ಊರಿನ ಟಿ.ಸಿ.ಯನ್ನು ಪೂರ್ತಿ ನುಂಗಬಲ್ಲದು. ವಿದ್ಯುತ್ ಕಂಪನಿ ಮೆಸ್ಕಾಂನ ತಂತಿ ತೋಟದ ಮನೆಯವರೆಗೂ ಇದೆ, ಆದರೆ ಅದನ್ನು ಎಳೆದದ್ದು ಬಲ್ಬು, ಮಿಕ್ಸಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರುಗಳ ಲೆಕ್ಕದಲ್ಲಿ.

ತೈಲ ಕಂಪನಿಗಳ ಸಂಕಟವೇ ಬೇರೆ. ಅವುಗಳ ಬಳಿ ಹೆದ್ದಾರಿ ಬದಿಯ ಜಾಗವಿದೆ. ಚಾರ್ಜಿಂಗ್ ಎಂದರೆ ವಿದ್ಯುತ್ ಮಾರಾಟವಲ್ಲ, ಅದಕ್ಕೆ ಪರವಾನಗಿ ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿದ ಮೇಲೆ ಅವುಗಳಿಗೂ ಬಾಗಿಲು ತೆರೆಯಿತು. 2021ರಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರೂ ಸೇರಿ 22,000 ಚಾರ್ಜಿಂಗ್ ಕೇಂದ್ರಗಳ ಗುರಿ ಘೋಷಿಸಿದವು. 2023ರಲ್ಲಿ ಕೇಂದ್ರ ಸರ್ಕಾರ 7,432 ಕೇಂದ್ರಗಳಿಗಾಗಿ ಇವುಗಳಿಗೆ 800 ಕೋಟಿ ರೂಪಾಯಿ ಮಂಜೂರು ಮಾಡಿತು. ಪೆಟ್ರೋಲ್ ಮಾರುವವರೇ ಪೆಟ್ರೋಲ್ ಬೇಡದ ಗಾಡಿಯನ್ನು ಕರೆದು ಕೂರಿಸುವುದು ವಿಚಿತ್ರವೆನಿಸಬಹುದು. ನನಗಂತೂ ಅದು ಅಂಗಡಿಯವನ ಜಾಣತನವಾಗಿ ಕಾಣುತ್ತದೆ: ಸರಕು ಬದಲಾದರೂ ಗಿರಾಕಿ ಬೇರೆ ಕಡೆ ಹೋಗಬಾರದು. ಪೆಟ್ರೋಲ್ ಗಿರಾಕಿ ಐದು ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತಾನೆ. ಚಾರ್ಜಿಗೆ ಬಂದವನು ಮುಕ್ಕಾಲು ಗಂಟೆ ಕೂರುತ್ತಾನೆ, ಎರಡು ಲೋಟ ಕಾಫಿ ಕುಡಿಯುತ್ತಾನೆ.

ನಮ್ಮ ಕಡೆ ಜನರ ಮನಸ್ಸನ್ನು ತಿರುಗಿಸುತ್ತಿರುವುದು ಗೋಡೆಯ ಮೇಲಿನ ಸಾಧಾರಣ 15 ಆಂಪಿಯರ್ ಸಾಕೆಟ್. ಗಂಟೆಗೆ 3 ಯುನಿಟ್; ರಾತ್ರಿ ಊಟ ಮುಗಿಸಿ ಸಿಕ್ಕಿಸಿದರೆ ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಬಹುಪಾಲು ತುಂಬಿರುತ್ತದೆ. ಹೋಮ್‌ಸ್ಟೇ ನಡೆಸುವ ಗೆಳೆಯರೊಬ್ಬರು ಕಾರು ನಿಲ್ಲಿಸುವ ಕಡೆ ಎರಡು ಸಾಕೆಟ್ ಹಾಕಿಸಿದ್ದಾರೆ.

ಆಷಾಢದ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಹೋಯಿತು. ಬ್ಯಾಟರಿ ಕಾರಿನಲ್ಲಿ ಬಂದಿದ್ದ ಅತಿಥಿ ಊರಿಗೆ ಹೊರಡಲೇಬೇಕಿತ್ತು. ಗೆಳೆಯರು ಜನರೇಟರ್ ಹಚ್ಚಿ ಕಾರಿಗೆ ಚಾರ್ಜ್ ಮಾಡಿಕೊಟ್ಟರು. ಜನರೇಟರ್ ಕುಡಿದ ಡೀಸೆಲ್ ಮಂಗಳೂರಿನಿಂದ ತೈಲ ಸಾಗಿಸುವ ಪೈಪಿನೊಳಗೆ ಘಟ್ಟ ಹತ್ತಿ ಹಾಸನದ ಟ್ಯಾಂಕಿಗೆ ಬಂದದ್ದೇ ಇರಬೇಕು.