ಕತ್ತಲ ಆಕಾಶವೇ ಫ್ಲ್ಯಾಟ್ ಪರದೆ

ನೀಹಾರಿಕೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಸ್ಟ್ರೆಚ್ ಮಾಡಿದ (ಮಸುಕು ಭಾಗಗಳನ್ನು ಬೆಳಗಿಸಿದ) ಕೂಡಲೇ ಮೂಲೆಗಳು ಕಪ್ಪಾಗುತ್ತವೆ, ನಡುವೆ ಅಲ್ಲಲ್ಲಿ ಬೂದು ಕಲೆಗಳು ಏಳುತ್ತವೆ. ಆ ಕಲೆಗಳು ಧೂಳಿನ ನೆರಳುಗಳು. ಕನ್ನಡಿ ದೂರದರ್ಶಕದಲ್ಲಿ ಉದ್ದಿನ ವಡೆಯಂತೆ ನಡುವೆ ತೂತಿರುತ್ತದೆ, ಮಸೂರದ್ದರಲ್ಲಿ ಬರೀ ದುಂಡು. ನೆರಳಿನ ವ್ಯಾಸವನ್ನು ಎಫ್-ಸಂಖ್ಯೆಯಿಂದ (ದೂರದರ್ಶಕದ ನಾಭಿದೂರವನ್ನು ಅದರ ಬಾಯಿಯ ವ್ಯಾಸದಿಂದ ಭಾಗಿಸಿದ ಸಂಖ್ಯೆ) ಗುಣಿಸಿದರೆ ಧೂಳು ಸೆನ್ಸರ್‌ನಿಂದ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. 3.76 ಮೈಕ್ರಾನ್ ಪಿಕ್ಸೆಲ್, ಎಫ್/5, ನೆರಳು 200 ಪಿಕ್ಸೆಲ್ ಅಗಲ ಎಂದರೆ ಸುಮಾರು 3.8 ಮಿ.ಮೀ. ದೂರ: ಧೂಳು ಸೆನ್ಸರ್‌ನ ಗಾಜಿನ ಮೇಲೆಯೇ ಕೂತಿರಬಹುದು. 1000 ಪಿಕ್ಸೆಲ್ ಅಗಲವಾದರೆ ಸುಮಾರು 19 ಮಿ.ಮೀ.; ಫಿಲ್ಟರ್ ಒರೆಸಿ ನೋಡಿ.

ಒರೆಸಿಯೂ ಉಳಿದದ್ದನ್ನು ಫ್ಲ್ಯಾಟ್ ಫ್ರೇಮ್‌ನಿಂದ ಭಾಗಿಸಿ ತೆಗೆಯಬೇಕು. ಎಲ್ಲೆಡೆ ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರವೇ ಫ್ಲ್ಯಾಟ್. ಹೆಚ್ಚಿನವರು ಎಲ್‌ಇಡಿ ಫಲಕವನ್ನೋ ಮುಸ್ಸಂಜೆಯ ಬಾನನ್ನೋ ಬಳಸುತ್ತಾರೆ. ಆದರೆ ಕರ್ನಾಟಕದ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ನಾಲ್ಕೈದು ಫಿಲ್ಟರ್‌ಗಳಿಗೆ ಸಮಯ ಸಾಲದು. ಇರುಳ ಆಕಾಶಕ್ಕೆ ಆ ಅವಸರವಿಲ್ಲ. ಅದರ ಬೆಳಕು ನಿಮ್ಮ ಚಿತ್ರದ ಹಿನ್ನೆಲೆಯದೇ ಬೆಳಕು, ಬಣ್ಣವೂ ಅದೇ. ಕಷ್ಟ ಎರಡು: ನಕ್ಷತ್ರಗಳು, ಮತ್ತು ಬೆಳಕಿನ ಬಡತನ.

ನಕ್ಷತ್ರಗಳನ್ನು ಓಡಿಸುವುದು ಸುಲಭ. ಆಕಾಶಗಂಗೆಯಿಂದ ದೂರದ, ನಕ್ಷತ್ರ ವಿರಳವಾದ ಜಾಗವನ್ನು ನೆತ್ತಿಯ ಹತ್ತಿರ ಹಿಡಿಯಿರಿ. ಪ್ರತಿ ಫ್ರೇಮ್‌ಗೂ ದೂರದರ್ಶಕವನ್ನು ಕೆಲವು ಕಲಾನಿಮಿಷ (ಡಿಗ್ರಿಯ ಅರವತ್ತನೇ ಒಂದು ಭಾಗ) ಸರಿಸಿ. ಎಲ್ಲ ಫ್ರೇಮ್‌ಗಳ ಹಿನ್ನೆಲೆಯನ್ನು ಒಂದೇ ಮಟ್ಟಕ್ಕೆ ತಂದು, ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸದೆ ಮೀಡಿಯನ್ (ಪ್ರತಿ ಪಿಕ್ಸೆಲ್‌ನ ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ತೆಗೆದರೆ ಸರಿದಾಡಿದ ನಕ್ಷತ್ರಗಳು ಅಳಿಯುತ್ತವೆ, ಕದಲದ ಧೂಳು ಉಳಿಯುತ್ತದೆ. ದೊಡ್ಡ ನೀಹಾರಿಕೆಯ ಫ್ರೇಮ್‌ಗಳಿಂದಲೇ ಫ್ಲ್ಯಾಟ್ ಮಾಡಬೇಡಿ. ನೀಹಾರಿಕೆ ಫ್ಲ್ಯಾಟಿನೊಳಗೆ ಸೇರಿಕೊಂಡು ಚಿತ್ರದಲ್ಲಿ ಹಳ್ಳ ತೋಡುತ್ತದೆ.

ಬೆಳಕಿನ ಬಡತನಕ್ಕೆ ಸಂಖ್ಯೆಯೇ ಮದ್ದು. ಒಂದು ಫ್ರೇಮ್‌ನಲ್ಲಿ ಪಿಕ್ಸೆಲ್‌ಗೆ ಆಕಾಶದ 1000 ಎಲೆಕ್ಟ್ರಾನ್ ಬಂದರೆ ಗದ್ದಲ ಸುಮಾರು ಶೇ. 3. ಅಂಥ 100 ಫ್ರೇಮ್ ಸರಾಸರಿಗೆ ಅದು ಶೇ. 0.3ಕ್ಕೆ ಇಳಿಯುತ್ತದೆ, ಮೀಡಿಯನ್‌ಗೆ ತುಸು ಹೆಚ್ಚು. ತೀರ ಕಿರಿದಾದ ಬಣ್ಣದ ಬೆಳಕನ್ನಷ್ಟೇ ಬಿಡುವ, ಹೈಡ್ರೋಜನ್-ಆಲ್ಫಾದಂಥ ಕಿರುಪಟ್ಟಿ ಫಿಲ್ಟರ್‌ಗೆ ಈ ದಾರಿ ಬೇಡ, ಫಲಕವೇ ಲೇಸು.

ಹೆಚ್ಚು ಜನ ಎಡವುವುದು ಡಾರ್ಕ್ (ಮುಚ್ಚಳ ಹಾಕಿ ತೆಗೆದ ಕತ್ತಲ ಫ್ರೇಮ್) ಕಳೆಯುವಲ್ಲಿ. ಆಕಾಶದ ಬೆಳಕು ನಡುವೆ 1000, ಮೂಲೆಯಲ್ಲಿ 800 ಎನ್ನಿ, ಕುಸಿತ ಶೇ. 20. ಕ್ಯಾಮೆರಾ ಎಲ್ಲ ಕಡೆ 500 ಆಫ್‌ಸೆಟ್ ಸೇರಿಸಿದರೆ ಕಾಣುವುದು 1500 ಮತ್ತು 1300, ಅಂದರೆ ಬರೀ ಶೇ. 13. ಬೆಳಕಿಲ್ಲದ ಡಾರ್ಕ್‌ನಲ್ಲೂ ಇರುವ ಆ 500 ಕಳೆಯದಿದ್ದರೆ ಮೂಲೆಗಳು ಕಪ್ಪಾಗಿಯೇ ಉಳಿಯುತ್ತವೆ. ಮಂದ ಫ್ಲ್ಯಾಟ್‌ನಲ್ಲಿ ಈ ತಪ್ಪು ಇಷ್ಟು ದೊಡ್ಡದಾಗಿ ಕಾಡುತ್ತದೆ. ಅದೇ ಅವಧಿ, ಅದೇ ಗೇನ್ (ಕ್ಯಾಮೆರಾದ ಸಂಕೇತ ವರ್ಧನೆ), ಅದೇ ತಾಪಮಾನದ ಡಾರ್ಕ್‌ಗಳನ್ನೇ ಬಳಸಿ. ಫ್ಲ್ಯಾಟ್ ಮುಗಿಯುವ ತನಕ ಕ್ಯಾಮೆರಾ ತಿರುಗಿಸಬೇಡಿ, ಫೋಕಸ್ ಮುಟ್ಟಬೇಡಿ.

ಒಂದು ದಿಕ್ಕಿನಲ್ಲಿ ಊರಿನ ಬೆಳಕಿದ್ದರೆ ಅದರ ಏರಿಳಿತವೂ ಫ್ಲ್ಯಾಟಿಗೆ ಸೇರುತ್ತದೆ. ಜರ್ಮನ್ ಮೌಂಟ್ (ದೂರದರ್ಶಕವನ್ನು ಆಕಾಶದೊಂದಿಗೆ ತಿರುಗಿಸುವ ಒಂದು ಬಗೆಯ ಆಧಾರ) ಇರುವವರು ಅರ್ಧ ಫ್ರೇಮ್‌ಗಳನ್ನು ಮೆರಿಡಿಯನ್ ಫ್ಲಿಪ್‌ಗೆ (ನೆತ್ತಿಯ ಉತ್ತರ-ದಕ್ಷಿಣ ರೇಖೆಯ ಬಳಿ ದೂರದರ್ಶಕವನ್ನು ಮೌಂಟಿನ ಇನ್ನೊಂದು ಬದಿಗೆ ಹೊರಳಿಸುವುದು) ಮುಂಚೆ, ಅರ್ಧವನ್ನು ನಂತರ, ಎರಡನ್ನೂ ನೆತ್ತಿಯ ಬಳಿಯೇ ತೆಗೆಯಲಿ. ಕ್ಯಾಮೆರಾ ಆಕಾಶಕ್ಕೆ ತಲೆಕೆಳಗಾಗುವುದರಿಂದ ಏರಿಳಿತ ಬಹುಪಾಲು ವಜಾ ಆಗುತ್ತದೆ. ಕೊನೆಗೆ ಎರಡು ಅರ್ಧಗಳಿಂದ ಬೇರೆ ಬೇರೆ ಫ್ಲ್ಯಾಟ್ ಮಾಡಿ, ಒಂದನ್ನು ಇನ್ನೊಂದರಿಂದ ಭಾಗಿಸಿ. ಸಮನಾದ ಬೂದು ಬಂದರೆ ಸರಿ. ಓರೆ ಇಳಿಜಾರು ಕಂಡರೆ ಊರಬೆಳಕು, ಮಸುಕು ಚುಕ್ಕಿಗಳು ಕಂಡರೆ ಅಳಿಯದ ನಕ್ಷತ್ರಗಳು.