ಹಿಂದೆ ಕೂರುವ ಏರ್ ಸಸ್ಪೆನ್ಷನ್: ಕಂಪ್ರೆಸರ್ ಬಿಚ್ಚುವ ಮೊದಲು

ಐಟಿಐ, ಡಿಪ್ಲೊಮಾ ಮುಗಿಸಿ ದಾವಣಗೆರೆ, ಚಿತ್ರದುರ್ಗದ ಗ್ಯಾರೇಜುಗಳಿಗೆ ಸೇರುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಲೀಫ್ ಸ್ಪ್ರಿಂಗ್, ಕಾಯಿಲ್ ಸ್ಪ್ರಿಂಗ್ ನಾವು ಕ್ಲಾಸಿನಲ್ಲೇ ಬಿಚ್ಚಿ ಜೋಡಿಸಿರುತ್ತೇವೆ. ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಭಾರ ಹೊರುವ ಏರ್ ಸಸ್ಪೆನ್ಷನ್ ಮಾತ್ರ ಚಿತ್ರದಲ್ಲಿ ನೋಡಿದ್ದಷ್ಟೇ. ಕೆಲಸಕ್ಕೆ ಸೇರಿದ ಮೇಲೆ ಹಳೆಯ ಬಿಎಂಡಬ್ಲ್ಯು ಎಕ್ಸ್5 ಒಂದು ಹಿಂದೆ ಕೂತುಕೊಂಡು, ಅಂದರೆ ಹಿಂಭಾಗ ತಗ್ಗಿಕೊಂಡು, ಬರುತ್ತದೆ. ಸ್ಕ್ಯಾನರ್ ಹಾಕಿದರೆ ಕಂಪ್ರೆಸರ್, ಅಂದರೆ ಗಾಳಿ ತುಂಬುವ ಪಂಪ್, ಬಗ್ಗೆ ಏನೋ ಎರರ್. ಕೂಡಲೇ ಎಲ್ಲರೂ ಕಂಪ್ರೆಸರ್ ರೇಟ್ ವಿಚಾರಿಸಲು ಶುರು ಮಾಡುತ್ತಾರೆ.

ಅಲ್ಲೇ ಸ್ವಲ್ಪ ತಡೆಯಿರಿ. ಕಂಪ್ರೆಸರ್ ಸುಟ್ಟಿದ್ದರೂ ಅದು ಸುಡಲು ಕಾರಣ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. ನಮ್ಮ ಕಡೆ ಬೋರ್‌ವೆಲ್ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಪೈಪ್‌ಲೈನ್ ಎಲ್ಲೋ ಒಡೆದು ನೀರು ಸೋರುತ್ತಿದ್ದರೆ ಟ್ಯಾಂಕ್ ತುಂಬುವುದಿಲ್ಲ, ಮೋಟರ್ ನಿಲ್ಲುವುದಿಲ್ಲ. ಮೋಟರ್ ಸುಟ್ಟಿತು ಅಂತ ರೀವೈಂಡಿಂಗ್ ಮಾಡಿಸಿ ಇಳಿಸಿದರೆ ಪೈಪಿನ ತೂತು ಮುಚ್ಚುತ್ತದೆಯೇ? ಏರ್ ಸಸ್ಪೆನ್ಷನ್‌ನಲ್ಲೂ ಮೊದಲು ಹುಡುಕಬೇಕಾದ್ದು ಸೋರಿಕೆ.

ಗಾಳಿ ಹೋಗುವ ದಾರಿ

ಕಂಪ್ರೆಸರ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಅದು ಡ್ರೈಯರ್ ದಾಟಬೇಕು. ಅಲ್ಲಿರುವ ಸಿಲಿಕಾ ಜೆಲ್ ಕಾಳುಗಳು ಗಾಳಿಯ ತೇವ ಹೀರುತ್ತವೆ. ಆಮೇಲೆ ಗಾಳಿಯ ವಾಲ್ವ್‌ಗಳೆಲ್ಲ ಒಟ್ಟಿಗಿರುವ ವಾಲ್ವ್ ಬ್ಲಾಕ್. ಅಲ್ಲಿಂದ ಒಂದೊಂದು ಬೆಲ್ಲೋಗೆ, ಅಂದರೆ ಗಾಳಿ ತುಂಬುವ ರಬ್ಬರ್ ಚೀಲಕ್ಕೆ, ಒಂದೊಂದು ಸಣ್ಣ ಪ್ಲಾಸ್ಟಿಕ್ ಪೈಪ್. ಚಕ್ರಗಳ ಹತ್ತಿರ ಹೈಟ್ ಸೆನ್ಸರ್‌ಗಳಿದ್ದು, ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಕಂಟ್ರೋಲ್ ಯೂನಿಟ್‌ಗೆ ಹೇಳುತ್ತವೆ. ಎಕ್ಸ್5ನ ಇ70 ಮಾಡೆಲ್‌ನಲ್ಲಿ ಗಾಳಿ ಹಿಂದಿನ ಆಕ್ಸಲ್‌ಗೆ ಮಾತ್ರ. ಏರ್ ಇರುವ ಆಡಿ ಕ್ಯೂ7, ಲ್ಯಾಂಡ್ ರೋವರ್ ಡಿಸ್ಕವರಿ, ಮರ್ಸಿಡಿಸ್ ಜಿಎಲ್‌ಗಳಲ್ಲಿ ನಾಲ್ಕೂ ಕಡೆ ಇರುತ್ತದೆ.

ಬೆಲ್ಲೋಗಳಿಗೆ ಹೋಗುವ ವಾಲ್ವ್‌ಗಳು ಕರೆಂಟ್ ಇಲ್ಲದಾಗ ಮುಚ್ಚಿರುತ್ತವೆ. ಇದೊಂದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಡಯಾಗ್ನೋಸಿಸ್ ಮುಗಿದಂತೆ. ನಿಂತಲ್ಲೇ ಗಾಡಿ ಕೂರುತ್ತಿದ್ದರೆ ಗಾಳಿ ಹೋಗುತ್ತಿರುವುದು ವಾಲ್ವ್‌ನಿಂದ ಬೆಲ್ಲೋವರೆಗಿನ ಜಾಗದಲ್ಲಿ, ಇಲ್ಲವೇ ಸರಿಯಾಗಿ ಮುಚ್ಚದ ವಾಲ್ವ್‌ನಲ್ಲೇ. ಗಾಡಿ ರಾತ್ರಿಯಿಡೀ ನಿಂತ ಎತ್ತರದಲ್ಲೇ ಇದೆ, ಆದರೆ ಲಗೇಜ್ ಹಾಕಿದ ಮೇಲೆ ಏಳುತ್ತಿಲ್ಲ ಎಂದರೆ ತೊಂದರೆ ವಾಲ್ವ್‌ನ ಹಿಂದೆ: ಫ್ಯೂಸ್, ರಿಲೇ, ಕಂಪ್ರೆಸರ್, ಡ್ರೈಯರ್, ಅಥವಾ ಅಲ್ಲಿಂದ ಬ್ಲಾಕ್‌ಗೆ ಬರುವ ಪೈಪ್.

ಅದಕ್ಕೇ ಸ್ಕ್ಯಾನರ್‌ಗಿಂತ ಮೊದಲು ಡ್ರೈವರ್‌ನನ್ನು ಮಾತಾಡಿಸಿ. "ಅಣ್ಣಾ, ಬೆಳಗ್ಗೆ ನೋಡಿದಾಗ ಗಾಡಿ ಹೆಂಗಿತ್ತು? ಒಂದೇ ಕಡೆ ಕೂತಿತ್ತೋ, ಎರಡೂ ಕಡೆಯೋ? ಸ್ಟಾರ್ಟ್ ಮಾಡಿದ ಮೇಲೆ ಎದ್ದಿತಾ?" ದಿನಾ ಗಾಡಿ ತೊಳೆಯುವವನಿಗೆ ಇದು ಗೊತ್ತಿರುತ್ತದೆ, ಮಾಲೀಕರಿಗೆ ಗೊತ್ತಿರುವುದಿಲ್ಲ.

ರಾತ್ರಿ ಬಿಟ್ಟು ನೋಡುವುದು

ಚಕ್ರದ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಗ್ಯಾರೇಜಿನ ನೆಲ ನೀರು ಹರಿದುಹೋಗಲೆಂದು ಇಳಿಜಾರಾಗಿರುತ್ತದೆ, ಹಾಗಾಗಿ ಸಮತಟ್ಟಾದ ಜಾಗ ಬೇಕು. ಗೌಂಡಿಗಳ ಲೆವೆಲ್ ಪೈಪ್ ಹಿಡಿದು ನೋಡಿದರೆ ಸಾಕು.

ಆಮೇಲೆ ಸಸ್ಪೆನ್ಷನ್ ಕಂಟ್ರೋಲ್ ಯೂನಿಟ್‌ನ ಫ್ಯೂಸ್ ತೆಗೆದಿಡಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಲ್ಯಾಂಡ್ ರೋವರ್‌ನಂಥ ಗಾಡಿಗಳಲ್ಲಿ ಕಂಟ್ರೋಲ್ ಯೂನಿಟ್ ನಿಂತಾಗಲೂ ಕೆಲವು ಗಂಟೆಗೊಮ್ಮೆ ಎಚ್ಚರವಾಗುತ್ತದೆ. ಒಂದು ಮೂಲೆ ತಗ್ಗಿದ್ದರೆ ಮಿಕ್ಕ ಮೂಲೆಗಳ ಗಾಳಿ ಬಿಟ್ಟು ಎಲ್ಲವನ್ನೂ ಅದರ ಮಟ್ಟಕ್ಕೆ ತರುತ್ತದೆ. ಬೆಳಗ್ಗೆ ನೋಡಿದರೆ ಇಡೀ ಗಾಡಿ ನೆಲಕ್ಕೆ ಕೂತಿರುತ್ತದೆ, ಯಾವ ಬೆಲ್ಲೋ ತಪ್ಪಿತಸ್ಥ ಎಂದು ತಿಳಿಯುವುದೇ ಇಲ್ಲ. ಬಾಗಿಲು ತೆರೆದರೂ ಕೆಲವು ಗಾಡಿಗಳು ಎಚ್ಚರವಾಗುತ್ತವೆ. ಫ್ಯೂಸ್ ಹೊರಗಿದ್ದರೆ ಈ ಯಾವ ತಲೆನೋವೂ ಇಲ್ಲ.

ಬೆಳಗ್ಗೆ ಸ್ವಲ್ಪ ಇಳಿದಿದ್ದರೆ ಗಾಬರಿಯಾಗಬೇಡಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯಲ್ಲಿ ಅಳೆದಿರಿ, ಬೆಳಗಿನ ಜಾವ 23 ಡಿಗ್ರಿ ಎಂದುಕೊಳ್ಳಿ. ಕೆಲ್ವಿನ್‌ನಲ್ಲಿ 311 ಇದ್ದದ್ದು 296 ಆಯಿತು. ಮೇಲಿನ ಭಾರ ಬದಲಾಗಿಲ್ಲ, ಆದ್ದರಿಂದ ಒತ್ತಡ ಅಷ್ಟೇ ಇರುತ್ತದೆ, ಗಾಳಿಯ ಗಾತ್ರ ಸುಮಾರು ಶೇ 5ರಷ್ಟು ಕುಗ್ಗುತ್ತದೆ. ಗಾಡಿ ಕೆಲವು ಮಿಲಿಮೀಟರ್ ಇಳಿಯಲು ಅಷ್ಟು ಸಾಕು. ಆದರೆ ಹೀಗೆ ಇಳಿದಾಗ ಎಡ, ಬಲ ಎರಡೂ ಹೆಚ್ಚುಕಮ್ಮಿ ಒಂದೇ ಅಳತೆ ಇಳಿದಿರುತ್ತವೆ. ಒಂದೇ ಕಡೆ ಎರಡು ಮೂರು ಬೆರಳು ಇಳಿದಿದ್ದರೆ ಅದು ಸೋರಿಕೆಯೇ.

ಸೋಪ್ ನೀರು, ಪೈಪ್ ಅದಲು ಬದಲು

ಮೊದಲು ಜೀವದ ಮಾತು. ಬರೀ ಗಾಳಿಯ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಹಳೆಯ ಬೆಲ್ಲೋ ಒಡೆದರೆ ಎರಡು ಟನ್ನಿನ ಗಾಡಿ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಗಾಡಿಯ ಬಾಡಿ ಕೆಳಗೆ ಸ್ಟ್ಯಾಂಡ್ ಕೊಡಿ, ಆಮೇಲೆ ಒಳಗೆ ಹೋಗಿ. ಪೈಪ್ ಬಿಚ್ಚುವಾಗ ಕನ್ನಡಕ ಹಾಕಿ. ಗಾಳಿ ಟ್ಯಾಂಕ್ ಇರುವ ಗಾಡಿಗಳಲ್ಲಿ ಒತ್ತಡ 16 ಬಾರ್ ಆಸುಪಾಸು ಇರಬಹುದು. ಸಾಮಾನ್ಯ ಕಾರಿನ ಟೈರಿನಲ್ಲಿರುವುದು ಸುಮಾರು ಎರಡೂವರೆ ಬಾರ್ ಅಷ್ಟೇ.

ಬೆಲ್ಲೋದ ರಬ್ಬರ್ ಮಡಿಚಿಕೊಂಡು ಕೆಳಗಿನ ಪಿಸ್ಟನ್, ಅಂದರೆ ಬೆಲ್ಲೋದ ತಳದ ಗಟ್ಟಿ ಭಾಗದ, ಮೇಲೆ ಉರುಳುತ್ತದೆ. ಸೀಳು ಬರುವುದು ಆ ಮಡಿಕೆಯಲ್ಲಿ. ಸಾಮಾನ್ಯ ಎತ್ತರದಲ್ಲಿ ಸೋಪ್ ನೀರು ಹೊಡೆದರೆ ಸೀಳು ಒಳಗೆ ಅಡಗಿ, ಗುಳ್ಳೆ ಬರುವುದೇ ಇಲ್ಲ. ಸ್ಕ್ಯಾನರ್‌ನಿಂದ ಪೂರ್ತಿ ಎತ್ತಿಸಿ ಒಮ್ಮೆ ನೋಡಿ, ತಗ್ಗಿಸಿ ಇನ್ನೊಮ್ಮೆ ನೋಡಿ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಧೂಳಿನ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಮಡಿಕೆಯೊಳಗೆ ಧೂಳು ಕೂತು ರಬ್ಬರನ್ನು ಉಜ್ಜುತ್ತಿರುತ್ತದೆ. ಮೊದಲು ಅದನ್ನು ಬರೀ ನೀರಿನಲ್ಲಿ ತೊಳೆಯಿರಿ. ಗ್ರೀಸ್, ಡೀಸೆಲ್ ಮುಟ್ಟಿಸಬೇಡಿ. ಮೆಕ್ಕೆಜೋಳದ ಗೋಡೌನ್ ಪಕ್ಕ ನಿಲ್ಲುವ ಗಾಡಿಯಾದರೆ ಪೈಪಿನ ಉದ್ದಕ್ಕೂ ಕೈಯಾಡಿಸಿ, ಇಲಿ ಕಡಿದಿರಬಹುದು.

ಗುಳ್ಳೆ ಎಲ್ಲೂ ಬರಲಿಲ್ಲ, ಆದರೂ ಎಡಗಡೆ ಕೂರುತ್ತಿದೆ. ಆಗ ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಹಿಂದಿನ ಎರಡೂ ಬೆಲ್ಲೋಗಳ ಗಾಳಿ ಸ್ಕ್ಯಾನರ್‌ನಿಂದ ಇಳಿಸಿ. ವಾಲ್ವ್ ಬ್ಲಾಕ್ ಹತ್ತಿರ ಆ ಎರಡು ಪೈಪ್‌ಗಳನ್ನು ಅದಲು ಬದಲು ಮಾಡಿ. ಸ್ಕ್ಯಾನರ್‌ನಿಂದಲೇ ಎರಡಕ್ಕೂ ಗಾಳಿ ತುಂಬಿಸಿ ಗಾಡಿ ಇಳಿಸಿ, ಫ್ಯೂಸ್ ತೆಗೆದು ರಾತ್ರಿ ಬಿಡಿ. ಈಗ ಬಲಗಡೆ ಕೂತರೆ ವಾಲ್ವ್ ತಪ್ಪು. ಎಡಗಡೆಯೇ ಕೂತರೆ ಪೈಪ್ ಅಥವಾ ಬೆಲ್ಲೋ ತಪ್ಪು. ಈ ಸ್ಥಿತಿಯಲ್ಲಿ ಗಾಡಿ ಓಡಿಸಬಾರದು. ಎಡ ತಗ್ಗಿದೆ ಅಂತ ಕಂಟ್ರೋಲ್ ಯೂನಿಟ್ ಬಲಕ್ಕೆ ಗಾಳಿ ತುಂಬುತ್ತಾ ಹೋಗುತ್ತದೆ.

ಕೆಲವರು ಬೆಲ್ಲೋಗೆ ಗೇಜ್ ಜೋಡಿಸಿ "ಪ್ರೆಷರ್ ಇಳಿದಿಲ್ಲ, ಬೆಲ್ಲೋ ಸರಿ ಇದೆ" ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಬೆಲ್ಲೋ ಮೇಲೆ 600 ಕೆಜಿ ಭಾರ, ಭಾರ ಹೊರುವ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಒತ್ತಡ ಸುಮಾರು 6 ಬಾರ್. ಗಾಳಿ ಸೋರಿದರೆ ಗಾಡಿ ಇಳಿಯುತ್ತದೆ, ಆದರೆ ಆ 600 ಕೆಜಿ ಅಲ್ಲೇ ಇದೆಯಲ್ವಾ? ಗಾಡಿ ಪೂರ್ತಿ ಇಳಿದಾಗ ತಡೆಯುವ ರಬ್ಬರ್ ಗಟ್ಟಿ, ಅಂದರೆ ಬಂಪ್ ಸ್ಟಾಪ್, ಮೇಲೆ ಕೂರುವ ತನಕ ಗೇಜ್ 6ರ ಹತ್ತಿರವೇ ತೋರಿಸುತ್ತದೆ. ಗಾಡಿಯ ಭಾರ ಬೆಲ್ಲೋ ಮೇಲಿರುವಾಗ ಎತ್ತರವನ್ನೇ ನಂಬಬೇಕು. ಬಾಡಿ, ಚಕ್ರ ಎರಡನ್ನೂ ಅಲುಗದಂತೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಗಾತ್ರ ಬದಲಾಗದಂತೆ ಮಾಡಿದಾಗ ಮಾತ್ರ ಗೇಜ್ ಹೇಳುವುದು ನಿಜ.

ಸೆನ್ಸರ್ ಪರೀಕ್ಷೆ ಸುಲಭ. ಟೇಪ್ ಎಡಗಡೆ 20 ಮಿಲಿಮೀಟರ್ ತಗ್ಗು ಎನ್ನುತ್ತದೆ, ಸ್ಕ್ಯಾನರ್ ಲೈವ್ ಡೇಟಾ ಎಲ್ಲ ಸಮ ಎನ್ನುತ್ತದೆ ಎಂದರೆ ಸೆನ್ಸರ್, ಅದರ ಲಿಂಕ್ ಅಥವಾ ಕ್ಯಾಲಿಬ್ರೇಷನ್ ನೋಡಿ.

ಕಂಪ್ರೆಸರ್ ಹೇಗೆ ಸಾಯುತ್ತದೆ

ನಿಗದಿತ ಸಮಯದಲ್ಲಿ ಎತ್ತರ ಸಿಗದಿದ್ದರೆ ಕಂಟ್ರೋಲ್ ಯೂನಿಟ್ ಎರರ್ ಬರೆಯುತ್ತದೆ. ಅದನ್ನೇ ನಾವು ಕಂಪ್ರೆಸರ್ ಹೋಗಿದೆ ಎಂದು ಓದುತ್ತೇವೆ. ಕಂಪ್ರೆಸರ್ ಓಡುತ್ತಿರುವಾಗಲೇ ಅದರ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಅಲ್ಲಿ 12 ವೋಲ್ಟ್‌ಗಿಂತ ತುಂಬ ಕಡಿಮೆ ಬಂದರೆ ವೈರ್, ರಿಲೇ, ಅರ್ತ್ ನೋಡಿ. ರಿಲೇಯ ಪಾಯಿಂಟ್ ಅಂಟಿಕೊಂಡರೆ ಆಫ್ ಮಾಡಿದರೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಹಾಗಾಗಿ ಕಂಪ್ರೆಸರ್ ಬದಲಿಸಿದಾಗ ರಿಲೇಯನ್ನೂ ಬದಲಿಸಬೇಕು, ಇದರಲ್ಲಿ ಉಳಿತಾಯ ನೋಡಬಾರದು.

ಡ್ರೈಯರ್ ಕಥೆ ಇನ್ನೂ ಆಳ. ಗಾಡಿ ತಗ್ಗುವಾಗ ಒಣ ಗಾಳಿ ಅದೇ ಡ್ರೈಯರ್ ಮೂಲಕ ವಾಪಸ್ ಹೊರಗೆ ಹೋಗುತ್ತದೆ. ಹೋಗುವಾಗ ಸಿಲಿಕಾ ಜೆಲ್‌ನ ತೇವವನ್ನೂ ಎತ್ತಿಕೊಂಡು ಹೋಗುತ್ತದೆ. ಹೀಗೆ ಡ್ರೈಯರ್ ತಾನೇ ಒಣಗುತ್ತಿರುತ್ತದೆ. ಸೋರುವ ಗಾಡಿಯಲ್ಲಿ ಗಾಳಿ ಬೆಲ್ಲೋದಿಂದಲೇ ಹೊರಗೆ ಹೋಗಿಬಿಡುತ್ತದೆ, ಕಂಪ್ರೆಸರ್ ತುಂಬುವ ಕೆಲಸವನ್ನಷ್ಟೇ ಮಾಡುತ್ತದೆ. ಡ್ರೈಯರ್‌ಗೆ ಒಣಗುವ ಅವಕಾಶವೇ ಸಿಗುವುದಿಲ್ಲ. ತೇವ ವಾಲ್ವ್ ಬ್ಲಾಕ್ ಸೇರುತ್ತದೆ, ಕಾಳುಗಳು ಪುಡಿಯಾಗಿ ಅದೂ ಅಲ್ಲಿಗೇ ಹೋಗುತ್ತದೆ. ಅತ್ತ ಬಿಡುವಿಲ್ಲದೆ ಓಡಿದ ಕಂಪ್ರೆಸರ್‌ನ ಪಿಸ್ಟನ್ ರಿಂಗ್ ಸವೆಯುತ್ತದೆ. ಬೆಲ್ಲೋದ ಒಂದು ಸಣ್ಣ ಸೀಳು ಮೂರು ಪಾರ್ಟ್‌ಗಳನ್ನು ತಿನ್ನುವುದು ಹೀಗೆ. ಪೈಪ್ ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಡ್ರೈಯರ್ ಜೊತೆ ವಾಲ್ವ್ ಬ್ಲಾಕ್‌ನ ಗತಿಯನ್ನೂ ನೋಡಿ.

ಜೋಡಿಸುವಾಗ

ಒಂದು ಬೆಲ್ಲೋ ವಯಸ್ಸಾಗಿ ಹೋಗಿದ್ದರೆ ಇನ್ನೊಂದರ ವಯಸ್ಸೂ ಅಷ್ಟೇ, ಜೋಡಿಯಾಗಿ ಹಾಕಿಸಲು ಮಾಲೀಕರಿಗೆ ಹೇಳಿ. ಪೈಪಿನ ತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಹೊಸ ಫಿಟ್ಟಿಂಗ್ ಹಾಕಿ. ಖಾಲಿ ಬೆಲ್ಲೋ ಮೇಲೆ ಗಾಡಿಯ ಭಾರ ಇಳಿಸಲೇಬೇಡಿ. ರಬ್ಬರ್ ಅಡ್ಡಾದಿಡ್ಡಿ ಮಡಿಚಿಕೊಂಡು ಹೊಸದೇ ಹರಿಯುತ್ತದೆ. ಚಕ್ರ ತೂಗುತ್ತಿರುವಾಗಲೇ ಸ್ಕ್ಯಾನರ್‌ನಿಂದ ಸ್ವಲ್ಪ ಗಾಳಿ ತುಂಬಿಸಿ, ಮಡಿಕೆ ಸರಿಯಾಗಿ ಕೂತಿದೆಯೇ ನೋಡಿ, ಆಮೇಲೆ ನಿಧಾನವಾಗಿ ಇಳಿಸಿ. ಕೊನೆಗೆ ಎತ್ತರದ ಕ್ಯಾಲಿಬ್ರೇಷನ್. ಕ್ಸೆನಾನ್ ದೀಪ ಇರುವ ಗಾಡಿಗಳಲ್ಲಿ ಹೆಡ್‌ಲೈಟ್ ತಾನೇ ಮೇಲೆ ಕೆಳಗೆ ಆಗುವುದೂ ಈ ಸೆನ್ಸರ್‌ಗಳನ್ನು ನೋಡಿಕೊಂಡೇ, ಆದ್ದರಿಂದ ಗೋಡೆಯ ಮುಂದೆ ನಿಲ್ಲಿಸಿ ಬೆಳಕಿನ ಮಟ್ಟವನ್ನೂ ಸರಿ ಮಾಡಿ ಕೊಡಿ.