ಮತ್ತೆ ಬಾರದ ಪೇಷಂಟ್ ವಾಸಿಯಾದರೇ?

ಜಮಖಂಡಿ ಕಡೆಯ ರೈತರೊಬ್ಬರು ಬಾಗಲಕೋಟೆಯಲ್ಲಿ ಭುಜದ ಆಪರೇಶನ್ ಮಾಡಿಸಿಕೊಂಡರು ಅಂದುಕೊಳ್ಳಿ. ಆರು ತಿಂಗಳಾದರೂ ಕೈ ಮೇಲೆ ಏಳುತ್ತಿಲ್ಲ. ಅವರೇನು ಬಾಗಲಕೋಟೆಗೆ ಹೋಗಿ ಜಗಳ ತೆಗೆಯುತ್ತಾರಾ? ಇಲ್ಲ, ಬೇರೆ ಡಾಕ್ಟರಿಗೆ ತೋರಿಸಲು ಸುಮ್ನೆ ಮಿರಜ್ ಬಸ್ ಹತ್ತುತ್ತಾರೆ. ಇತ್ತ ಸರ್ಜನ್ ಲೆಕ್ಕದಲ್ಲಿ ಅವರು ವಾಸಿಯಾದವರು! 'ನಮ್ಮಲ್ಲಿ ಫೇಲ್ ಆಗಿದ್ದೇ ಇಲ್ಲ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಬಸ್ಸೇ ನೆನಪಾಗುತ್ತದೆ.

ಆ ರೈತರಿಗೆ ಹೊಲಿದದ್ದು ರೊಟೇಟರ್ ಕಫ್ ಅಂದುಕೊಳ್ಳೋಣ. ಅಂದರೆ ತೋಳಿನ ಮೂಳೆಯ ತಲೆಯನ್ನು ಗುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳು ಮತ್ತು ಅವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳು. ಟೆಂಡನ್ ಕಿತ್ತುಬಂದರೆ ಮೂಳೆಗೆ ಆಂಕರ್ ಎಂಬ ಸಣ್ಣ ಮೊಳೆ ಕೂರಿಸಿ ದಾರದಿಂದ ಬಿಗಿಯುತ್ತಾರೆ. ದಾರವೇನೋ ಗಟ್ಟಿ. ಆದರೆ ಹಳೇ ಕೌದಿಗೆ ಹೊಸ ದಾರ ಹಾಕಿ ಹೊಲಿದು ನೋಡಿ. ದಾರ ಹರಿಯುವುದಿಲ್ಲ, ಅರಿವೆಯೇ ಹರಿಯುತ್ತದೆ. ಸವೆದ ಟೆಂಡನ್ನನ್ನೂ ಹೊಲಿಗೆ ಹೀಗೇ ಸೀಳಿಕೊಂಡು ಬರುತ್ತದೆ. ಗಾಯ ದೊಡ್ಡದಾದಷ್ಟೂ, ಸ್ನಾಯುವಿನಲ್ಲಿ ಕೊಬ್ಬು ತುಂಬಿದಷ್ಟೂ ಈ ಅಪಾಯ ಜಾಸ್ತಿ. ತಮಾಷೆಯೆಂದರೆ, ಮತ್ತೆ ಹರಿದರೂ ಎಷ್ಟೋ ಜನರಿಗೆ ನೋವು ಕಡಿಮೆಯಾಗಿರುತ್ತದೆ. ಸ್ಕ್ಯಾನ್ ಒಂದು ಹೇಳುತ್ತದೆ, ಪೇಷಂಟ್ ಇನ್ನೊಂದು. ಎರಡನ್ನೂ ಬರೆದಿಡಬೇಕು.

ಈ ಬರೆದಿಡುವ ಹುಚ್ಚು ಹತ್ತಿಸಿಕೊಂಡವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. 1909ರಲ್ಲಿ ಹರಿದ ಕಫ್ ಹೊಲಿದವರೂ ಅವರೇ, 1934ರಲ್ಲಿ ಭುಜದ ಮೇಲೆ ದಪ್ಪ ಪುಸ್ತಕ ಬರೆದವರೂ ಅವರೇ. ಪ್ರತಿ ಪೇಷಂಟ್ ಆಮೇಲೆ ಏನಾದರು ಅಂತ ಪತ್ತೆ ಮಾಡಬೇಕು ಎಂಬುದು ಅವರ ಹಟ. ತಮ್ಮದೇ ಸಣ್ಣ ಆಸ್ಪತ್ರೆ ತೆರೆದರು. 337 ಪೇಷಂಟ್‌ಗಳಲ್ಲಿ 123 ತಪ್ಪುಗಳಾಗಿವೆ ಅಂತ ತಾವೇ ಅಚ್ಚು ಹಾಕಿಸಿದರು! ಊರಿನ ಡಾಕ್ಟರುಗಳು ಸಿಟ್ಟಾಗದೆ ಇರುತ್ತಾರಾ?

ಆ ಹಟವನ್ನು ದೇಶದ ಮಟ್ಟಕ್ಕೆ ಒಯ್ದದ್ದು ಸ್ವೀಡನ್, 1975ರಲ್ಲಿ, ಮೊಣಕಾಲಿನ ಕೃತಕ ಕೀಲಿಗೆ. ಮುಂದೆ ಆಸ್ಟ್ರೇಲಿಯಾದ ರಿಜಿಸ್ಟ್ರಿ, ಅಂದರೆ ದೇಶದ ಇಂಥ ಆಪರೇಶನ್ನುಗಳನ್ನೆಲ್ಲ ಬರೆದಿಡುವ ದಾಖಲೆ, ಒಂದು ಕಂಪನಿಯ ಸೊಂಟದ ಕೃತಕ ಕೀಲಿನ ಬಗ್ಗೆ ಎಚ್ಚರಿಸಿತು. ಆ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದರು. ಕೀಲು ಕೆಟ್ಟರೆ ಸಾಮಾನ್ಯವಾಗಿ ಮರು ಆಪರೇಶನ್ ಆಗುತ್ತದೆ, ಎಣಿಸುವುದು ಸುಲಭ. ಭುಜದಲ್ಲಿ ಹಾಗಲ್ಲ. ಜನ ಸಹಿಸಿಕೊಂಡು ಇದ್ದುಬಿಡುತ್ತಾರೆ. ಹಾಗಾಗಿ ಕೇಳಲೇಬೇಕು: ಆ ಮಗ್ಗುಲಿಗೆ ಮಲಗಲು ಆಗುತ್ತದಾ? ನಾಗೊಂದಿಗೆಯಿಂದ ಡಬ್ಬಿ ಇಳಿಸುತ್ತೀರಾ?

ವಯಸ್ಸು, ಶುಗರ್, ಬೀಡಿ, ಗಾಯದ ಅಳತೆ ಇವನ್ನೆಲ್ಲ ಆಪರೇಶನ್‌ಗೆ ಮೊದಲೇ ಬರೆಯದಿದ್ದರೆ, ಕಷ್ಟದ ಕೇಸುಗಳನ್ನು ತೆಗೆದುಕೊಳ್ಳುವ ಸರ್ಜನ್ನೇ ರಿಜಿಸ್ಟ್ರಿಯ ಪಟ್ಟಿಯಲ್ಲಿ ಕೆಟ್ಟವರಾಗಿ ಕಾಣುತ್ತಾರೆ. ಇನ್ನು, ಫೋನ್ ಮಾಡಿ ವಿಚಾರಿಸುವವರು ಆಪರೇಶನ್ ಮಾಡಿದ ಡಾಕ್ಟರ್ ಆಗಿರಬಾರದು. ಅವರ ಮುಂದೆ ನಮ್ಮ ಜನ 'ಆರಾಮ ಅದೀನ್ರಿ ಸರ' ಅಂದೇ ಅನ್ನುತ್ತಾರೆ.